ಚಾಕೊಲೇಟಿ ಸಮುದಾಯ ಭಂಡಾರ: ಬಳ್ಳಾರಿಯ ಕಂಪ್ಯೂಟರ್ ಲ್ಯಾಬಿನಲ್ಲಿ ಬಳಸಿ ಕಂಡಂತೆ

ಬಳ್ಳಾರಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವವರು, ಡಿಟಿಪಿ ಅಂಗಡಿಯವರು, ಕೌಲ್ ಬಜಾರಿನ ಜೀನ್ಸ್ ಘಟಕಗಳಲ್ಲಿ ಲೆಕ್ಕ ಬರೆಯುವವರು, ಇವರೆಲ್ಲರಿಗೂ ಆಗಾಗ ಎದುರಾಗುವ ಕೆಲಸವೊಂದಿದೆ. ಕೆಟ್ಟ ಕಂಪ್ಯೂಟರಿಗೆ ಫಾರ್ಮ್ಯಾಟ್ ಹೊಡೆದು, ವಿಂಡೋಸ್ ಹಾಕಿ, ಬೇಕಾದ ತಂತ್ರಾಂಶಗಳನ್ನೆಲ್ಲ ಮೊದಲಿನಿಂದ ಕೂಡಿಸುವುದೇ ಆ ಕೆಲಸ. ವಿಂಡೋಸ್ ಬೇಗ ಮುಗಿಯುತ್ತದೆ. ಅನಂತರ ಬ್ರೌಸರ್, 7-ಜಿಪ್, ವಿಎಲ್‌ಸಿ, ಲಿಬ್ರೆ ಆಫೀಸ್, ಪಿಡಿಎಫ್ ತೆರೆಯುವ ತಂತ್ರಾಂಶ, ಕನ್ನಡದ ಕೀಲಿಮಣೆ, ಫಾಂಟುಗಳು ಎಂದು ಒಂದೊಂದಕ್ಕೂ "ನೆಕ್ಸ್ಟ್" ಒತ್ತುತ್ತ ಕೂರುವುದರಲ್ಲಿ ಮಧ್ಯಾಹ್ನವೆಲ್ಲ ಕಳೆದುಹೋಗುತ್ತದೆ. ಹೆಚ್ಚಿನವರು ಇದನ್ನು ಒಂದು ಪೆನ್‌ಡ್ರೈವಿನಿಂದ ಮಾಡುತ್ತಾರೆ. ಅದರಲ್ಲಿರುವ ಸೆಟಪ್ ಫೈಲುಗಳು ಯಾವ ಕಾಲದವು, ಎಲ್ಲಿಂದ ಇಳಿಸಿಕೊಂಡವು, ಯಾವ ಕಂಪ್ಯೂಟರಿನ ವೈರಸ್ಸನ್ನು ಹೊತ್ತು ತಂದಿವೆ ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ. ನೇರವಾಗಿ ಅಂತರ್ಜಾಲದಿಂದ ಇಳಿಸಿಕೊಳ್ಳೋಣವೆಂದರೆ, ಹುಡುಕಿದಾಗ ಮೊದಲು ಕಾಣುವ ತಾಣ ತಯಾರಕರದ್ದೇ ಆಗಿರುತ್ತದೆ ಎಂಬ ಭರವಸೆಯೂ ಇಲ್ಲ.

ನಾನು ನೋಡಿಕೊಳ್ಳುವ ಲ್ಯಾಬಿನಲ್ಲಿ ಈ ಪೆನ್‌ಡ್ರೈವಿನ ಪದ್ಧತಿಯನ್ನು ಬಿಟ್ಟು, ಚಾಕೊಲೇಟಿ ಎಂಬ ವ್ಯವಸ್ಥೆಯನ್ನೂ ಅದರ ಸಮುದಾಯ ಭಂಡಾರವನ್ನೂ ಬಳಸಲು ತೊಡಗಿ ಸಾಕಷ್ಟು ಕಾಲವಾಯಿತು. ಇದು ತಂತ್ರಾಂಶಗಳನ್ನು ಹಾಕುವ ಸ್ಕ್ರಿಪ್ಟುಗಳನ್ನು, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳ ಪಟ್ಟಿಗಳನ್ನು, ಜನರೇ ಬರೆದು, ಜನರೇ ಹಂಚಿಕೊಳ್ಳುವ ಜಾಲತಾಣ. ಅಮೆರಿಕದ ರಾಬ್ ರೆನಾಲ್ಡ್ಸ್ 2011ರಲ್ಲಿ ಇದನ್ನು ಆರಂಭಿಸಿದರು. ಮೂಲ ಆವೃತ್ತಿ ಮುಕ್ತ ತಂತ್ರಾಂಶವಾಗಿದ್ದು, ಅಪಾಚೆ ಪರವಾನಗಿಯಡಿ ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಕಂಪನಿಗಳಿಗೆಂದು ಹಣ ತೆತ್ತು ಪಡೆಯುವ ಆವೃತ್ತಿಗಳೂ ಇವೆ. ನಾನಿಲ್ಲಿ ಬರೆಯುತ್ತಿರುವುದು ಹಣ ಕೊಡದೆ ಸಿಗುವ ಆವೃತ್ತಿಯ ಬಗ್ಗೆ ಮಾತ್ರ. ನಮ್ಮ ಕಡೆಯ ತರಬೇತಿ ಕೇಂದ್ರಗಳಿಗೆ, ಶಾಲೆಗಳಿಗೆ ಎಟುಕುವುದು ಅದೇ.

ಬಳಸುವ ಕ್ರಮ ಸರಳವಾಗಿದೆ. ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ಪವರ್‌ಶೆಲ್ ಎಂಬ, ಆದೇಶ ಟೈಪ್ ಮಾಡುವ ವಿಂಡೋಸಿನ ಕಿಟಕಿಯನ್ನು ತೆರೆದು "ಚೋಕೊ ಇನ್‌ಸ್ಟಾಲ್ ವಿಎಲ್‌ಸಿ" ಎಂಬರ್ಥದ ಒಂದು ಸಾಲನ್ನು ಟೈಪ್ ಮಾಡಿದರೆ ಸಾಕು; ಮುಂದಿನದನ್ನು ಸ್ಕ್ರಿಪ್ಟ್ ನೋಡಿಕೊಳ್ಳುತ್ತದೆ. ಹತ್ತು ಹದಿನೈದು ತಂತ್ರಾಂಶಗಳ ಹೆಸರುಗಳನ್ನು ಒಂದು ಪಟ್ಟಿಯ ಫೈಲಿನಲ್ಲಿ ಬರೆದಿಟ್ಟರೆ, ಆ ಪಟ್ಟಿಯನ್ನೇ ಕೊಟ್ಟು ಎಲ್ಲವನ್ನೂ ಒಟ್ಟಿಗೆ ಹಾಕಿಸಬಹುದು. ಹೊಸ ಆವೃತ್ತಿಗಳು ಬಂದಾಗ "ಅಪ್‌ಗ್ರೇಡ್ ಆಲ್" ಎಂದರೆ ಎಲ್ಲವೂ ಮೇಲ್ದರ್ಜೆಗೆ ಏರುತ್ತವೆ. ಆದರೆ ಅನುಕೂಲದ ಈ ಮಾತು ಯಾರಿಗೂ ಬೇಗ ಅರ್ಥವಾಗುವಂಥದ್ದು. ಇಂಥ ತಾಣವನ್ನು ನಂಬಬಹುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದರೊಳಗಿನ ಸ್ಕ್ರಿಪ್ಟ್ ಮತ್ತು ಆ ಸ್ಕ್ರಿಪ್ಟನ್ನು ಪರಿಶೀಲಿಸುವ ಏರ್ಪಾಡು. ಹೀಗಾಗಿ ಈ ವಿಮರ್ಶೆಯ ಹೆಚ್ಚಿನ ಭಾಗ ಅವುಗಳಿಗೇ ಮೀಸಲು.

ಚಾಕೊಲೇಟಿಯ ಪ್ಯಾಕೇಜ್ ಎಂಬುದು ವಾಸ್ತವವಾಗಿ ಒಂದು ಜಿಪ್ ಫೈಲು. ಅದರೊಳಗೆ ತಂತ್ರಾಂಶದ ಹೆಸರು, ಆವೃತ್ತಿ, ಪರವಾನಗಿಯ ವಿಳಾಸ, ಅದಕ್ಕೆ ಬೇಕಾದ ಇತರ ಪ್ಯಾಕೇಜುಗಳು ಇವನ್ನು ಬರೆದಿರುವ ಒಂದು ಎಕ್ಸ್‌ಎಂಎಲ್ ಫೈಲೂ, "ಟೂಲ್ಸ್" ಎಂಬ ಫೋಲ್ಡರಿನೊಳಗೆ ಪವರ್‌ಶೆಲ್ ಸ್ಕ್ರಿಪ್ಟೂ ಇರುತ್ತವೆ. ಬಹುಪಾಲು ಸ್ಕ್ರಿಪ್ಟುಗಳು ಹತ್ತಿಪ್ಪತ್ತು ಸಾಲಿಗಿಂತ ಉದ್ದವಿರುವುದಿಲ್ಲ. ಮೊದಲನೆಯದಾಗಿ, ಸೆಟಪ್ ಫೈಲನ್ನು ಯಾವ ವಿಳಾಸದಿಂದ ಇಳಿಸಬೇಕು ಎಂಬುದು ಅಲ್ಲಿರುತ್ತದೆ. ಅದರ ಕೆಳಗೆ ಆ ಫೈಲಿನ ಚೆಕ್‌ಸಮ್ ಇರುತ್ತದೆ; ಸಾಮಾನ್ಯವಾಗಿ ಅದು ಎಸ್‌ಎಚ್‌ಎ-256 ಪದ್ಧತಿಯಲ್ಲಿ ಲೆಕ್ಕ ಹಾಕಿದ 64 ಅಕ್ಷರಗಳ ಒಂದು ಗುರುತು. ಇಳಿದು ಬಂದ ಫೈಲಿನಲ್ಲಿ ಒಂದೇ ಒಂದು ಬೈಟ್ ಬದಲಾಗಿದ್ದರೂ ಈ ಗುರುತು ಪೂರ್ತಿ ಬೇರೆಯಾಗುತ್ತದೆ, ಆಗ ಚಾಕೊಲೇಟಿ ಅಲ್ಲಿಗೇ ನಿಲ್ಲುತ್ತದೆ. ಅನಂತರ ಬರುವುದು ಯಾರನ್ನೂ ಏನನ್ನೂ ಕೇಳದೆ ಸೆಟಪ್ ನಡೆಯುವಂತೆ ಮಾಡುವ ಸೂಚನೆ. ಎಂಎಸ್‌ಐ ಬಗೆಯ ಫೈಲಿಗೆ ಒಂದು ಸೂಚನೆ, ಇನ್ನೋ ಸೆಟಪ್‌ನಿಂದ ಕಟ್ಟಿದ ಫೈಲಿಗೆ ಇನ್ನೊಂದು, ಎನ್‌ಎಸ್‌ಐಎಸ್‌ನಿಂದ ಕಟ್ಟಿದ್ದಕ್ಕೆ ಮತ್ತೊಂದು; ಇದನ್ನು ಹುಡುಕಿ, ಪರೀಕ್ಷಿಸಿ, ಬರೆದಿಡುವುದೇ ಪ್ಯಾಕೇಜ್ ಮಾಡಿದವರ ನಿಜವಾದ ದುಡಿಮೆ. ಕೊನೆಯಲ್ಲಿ ಸೆಟಪ್ ಮುಗಿದಾಗ ಬರುವ ಸಂಖ್ಯೆಗಳಲ್ಲಿ ಯಾವುದನ್ನು ಯಶಸ್ಸೆಂದು ಪರಿಗಣಿಸಬೇಕು ಎಂಬುದಿರುತ್ತದೆ. ಸೊನ್ನೆ ಎಂದರೆ ಎಲ್ಲವೂ ಸರಿಯಾಯಿತು, 3010 ಎಂದರೆ ಕೆಲಸ ಮುಗಿದಿದೆ ಆದರೆ ಕಂಪ್ಯೂಟರನ್ನು ಒಮ್ಮೆ ಮರುಚಾಲನೆ ಮಾಡಬೇಕು ಎಂದರ್ಥ.

ಈ ಸ್ಕ್ರಿಪ್ಟನ್ನು ಓದಲು ಪ್ಯಾಕೇಜನ್ನು ಇಳಿಸಿಕೊಳ್ಳಬೇಕಾಗಿಲ್ಲ ಎಂಬುದು ಈ ತಾಣದ ಅತಿ ದೊಡ್ಡ ಗುಣ. ಪ್ರತಿ ಪ್ಯಾಕೇಜಿನ ಪುಟದಲ್ಲೂ ಅದರೊಳಗಿನ ಫೈಲುಗಳು ತೆರೆದು ಓದುವಂತೆ ಇರುತ್ತವೆ. ಪಕ್ಕದಲ್ಲಿ, ಫೈಲನ್ನು ಹಲವು ಆಂಟಿವೈರಸ್‌ಗಳಿಂದ ನೋಡಿಸುವ ವೈರಸ್‌ಟೋಟಲ್ ತಾಣದ ತಪಾಸಣೆಯ ಫಲಿತಾಂಶ, ಹಿಂದಿನ ಆವೃತ್ತಿಗಳ ಪಟ್ಟಿ, ಯಾರು ನಿರ್ವಹಿಸುತ್ತಿದ್ದಾರೆ, ಅವರನ್ನು ಸಂಪರ್ಕಿಸುವುದು ಹೇಗೆ ಎಂಬ ವಿವರಗಳಿರುತ್ತವೆ. ನಮ್ಮ ಲ್ಯಾಬಿನಲ್ಲಿ ನಾನು ಇಟ್ಟುಕೊಂಡಿರುವ ನಿಯಮ ಒಂದೇ: ಸ್ಕ್ರಿಪ್ಟನ್ನು ಓದದೆ ಯಾವ ಹೊಸ ಪ್ಯಾಕೇಜನ್ನೂ ಹಾಕುವಂತಿಲ್ಲ. ಇಳಿಸುವ ವಿಳಾಸ ತಯಾರಕರದ್ದೇ ಆಗಿದೆಯೇ, ಚೆಕ್‌ಸಮ್ ಇದೆಯೇ, ಸೆಟಪ್ ಓಡಿಸುವುದನ್ನು ಬಿಟ್ಟು ಬೇರೆ ಏನನ್ನಾದರೂ ಸ್ಕ್ರಿಪ್ಟ್ ಮಾಡುತ್ತಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಬಂದ, ಇಂಗ್ಲಿಷ್ ಎಂದರೆ ಹಿಂಜರಿಯುವ ಹುಡುಗ ಹುಡುಗಿಯರೂ ಒಂದು ವಾರದೊಳಗೆ ಈ ಮೂರನ್ನೂ ನೋಡಲು ಕಲಿಯುತ್ತಾರೆ. ಸ್ಕ್ರಿಪ್ಟಿನ ಭಾಷೆ ಇಂಗ್ಲಿಷಾದರೂ ಅದರ ರಚನೆ ಪ್ರತಿ ಸಲವೂ ಒಂದೇ ಆಗಿರುವುದರಿಂದ ಇದು ಸಾಧ್ಯವಾಗುತ್ತದೆ. ತಂತ್ರಾಂಶ ಹಾಕುವ ತಾಣವೊಂದು ಪಾಠದ ಸಾಮಗ್ರಿಯೂ ಆಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪರಿಶೀಲನೆಯ ಏರ್ಪಾಡಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಆರಂಭದ ವರ್ಷಗಳಲ್ಲಿ ಯಾರು ಬೇಕಾದರೂ ಪ್ಯಾಕೇಜನ್ನು ಏರಿಸಬಹುದಿತ್ತು, ಅದು ತಕ್ಷಣವೇ ಎಲ್ಲರಿಗೂ ಸಿಗುತ್ತಿತ್ತು. 2014ರಲ್ಲಿ ಈ ಪದ್ಧತಿಯನ್ನು ಬದಲಿಸಿ, ಪರಿಶೀಲನೆ ಮುಗಿಯುವವರೆಗೆ ಹೊಸ ಪ್ಯಾಕೇಜನ್ನು ತಡೆಹಿಡಿಯುವ ಕ್ರಮವನ್ನು ತಂದರು. ಈಗ ಪ್ಯಾಕೇಜು ಏರಿದ ಕೂಡಲೇ ಒಂದು ಯಂತ್ರ ಅದರ ಬರವಣಿಗೆ ನಿಯಮಗಳಿಗೆ ತಕ್ಕಂತಿದೆಯೇ ಎಂದು ನೋಡುತ್ತದೆ. ಇನ್ನೊಂದು ಯಂತ್ರ ಖಾಲಿ ವಿಂಡೋಸಿನಲ್ಲಿ ಅದನ್ನು ನಿಜವಾಗಿಯೇ ಹಾಕಿ, ಹಾಕಲು ಬರುತ್ತದೆಯೇ ಎಂದು ಪರೀಕ್ಷಿಸುತ್ತದೆ. ಮೂರನೆಯದು ವೈರಸ್‌ಟೋಟಲ್ ಮೂಲಕ ಹತ್ತಾರು ಆಂಟಿವೈರಸ್‌ಗಳ ಕಣ್ಣಿಗೆ ಒಡ್ಡುತ್ತದೆ. ಇವೆಲ್ಲ ಮುಗಿದ ಮೇಲೆ ಸ್ವಯಂಸೇವಕರಾದ ಪರಿಶೀಲಕರು ಸ್ಕ್ರಿಪ್ಟನ್ನು ಓದಿ ಒಪ್ಪಿಗೆ ಕೊಡುತ್ತಾರೆ. ದೀರ್ಘಕಾಲ ಸರಿಯಾಗಿ ನಡೆದುಕೊಂಡು ಬಂದ ಪ್ಯಾಕೇಜುಗಳಿಗೆ ಮಾತ್ರ ಮನುಷ್ಯರ ಪರಿಶೀಲನೆಯಿಂದ ವಿನಾಯಿತಿ ಉಂಟು; ಯಂತ್ರದ ತಪಾಸಣೆಗಳು ಅವುಗಳಿಗೂ ತಪ್ಪುವುದಿಲ್ಲ.

ಇಷ್ಟೊಂದು ಕಟ್ಟುನಿಟ್ಟು ಏಕೆ ಬೇಕು ಎಂದು ಕೇಳುವವರಿಗೆ ನಮ್ಮ ಊರಿನ ಜೀನ್ಸ್ ಘಟಕಗಳ ಕಟಿಂಗ್ ಮೇಜನ್ನು ತೋರಿಸಬಹುದು. ಅಲ್ಲಿ ಬಟ್ಟೆಯನ್ನು ಹಲವು ಪದರಗಳಾಗಿ ಹಾಸಿ, ಮೇಲೊಂದು ಮಾದರಿಯನ್ನಿಟ್ಟು ಒಮ್ಮೆಗೇ ಕತ್ತರಿಸುತ್ತಾರೆ. ಮಾದರಿಯಲ್ಲಿ ಒಂದು ಗೆರೆ ತಪ್ಪಿದರೆ ಪ್ರತಿ ಪದರದಲ್ಲೂ ಅದೇ ತಪ್ಪು ಬೀಳುತ್ತದೆ. ಸ್ಕ್ರಿಪ್ಟೂ ಹಾಗೆಯೇ, ಅದರಲ್ಲೂ ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ಓಡುವ ಸ್ಕ್ರಿಪ್ಟ್. ಅದು ಏನು ಬೇಕಾದರೂ ಮಾಡಬಲ್ಲದು, ಲ್ಯಾಬಿನ ಎಲ್ಲ ಯಂತ್ರಗಳಲ್ಲೂ ಒಂದೇ ಗಳಿಗೆಯಲ್ಲಿ ಮಾಡಬಲ್ಲದು.

ಪರಿಶೀಲನೆಯಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ವಿಂಡೋಸಿಗೆ ಬದಲಾಗಿ ಬಳಸುವ ಮುಕ್ತ ವ್ಯವಸ್ಥೆಯಾದ ಲಿನಕ್ಸಿನ ಲೋಕದಲ್ಲೇ ಸಾಕ್ಷಿಯಿದೆ. ಆರ್ಚ್ ಎಂಬ ಬಗೆಯ ಲಿನಕ್ಸಿನ ಬಳಕೆದಾರರ ಭಂಡಾರ, ಅಂದರೆ ಎಯುಆರ್, ಇಂಥದೇ ಸ್ಕ್ರಿಪ್ಟುಗಳನ್ನು ಹಂಚಿಕೊಳ್ಳುವ ತಾಣ. ಅದರ ವ್ಯಾಪ್ತಿ ಅಪಾರ, ಅಲ್ಲಿನ ಜನರ ಉತ್ಸಾಹವೂ ಅಷ್ಟೇ ದೊಡ್ಡದು. ಆದರೆ ಅಲ್ಲಿ ಸ್ಕ್ರಿಪ್ಟನ್ನು ಮೊದಲೇ ಓದಿ ಒಪ್ಪಿಗೆ ಕೊಡುವವರಿಲ್ಲ. ಓದಿ ಬಳಸುವ ಹೊಣೆ ಬಳಸುವವರದ್ದೇ ಎಂದು ತಾಣವೇ ಸ್ಪಷ್ಟವಾಗಿ ಹೇಳುತ್ತದೆ. ನಿರ್ವಾಹಕರು ಬಿಟ್ಟುಹೋದ ಪ್ಯಾಕೇಜನ್ನು ಬೇರೊಬ್ಬರು ವಹಿಸಿಕೊಳ್ಳಲು ಅಲ್ಲಿ ಅವಕಾಶವಿದೆ. 2018ರ ಜುಲೈಯಲ್ಲಿ ಹೀಗೆ ಅನಾಥವಾಗಿದ್ದ ಅಕ್ರೋರೀಡ್ ಎಂಬ ಪಿಡಿಎಫ್ ಪ್ಯಾಕೇಜನ್ನು ಹೊಸಬರೊಬ್ಬರು ವಹಿಸಿಕೊಂಡು, ಹೊರಗಿನ ತಾಣದಿಂದ ಬೇರೊಂದು ಸ್ಕ್ರಿಪ್ಟನ್ನು ಎಳೆದು ತಂದು ಓಡಿಸುವ ಸಾಲನ್ನು ಅದರೊಳಗೆ ಸೇರಿಸಿದ್ದರು. 2025ರ ಜುಲೈಯಲ್ಲಿ ಬ್ರೌಸರುಗಳ ಸುಧಾರಿತ ರೂಪವೆಂಬಂತೆ ಹೆಸರಿಟ್ಟುಕೊಂಡ ಕೆಲವು ಪ್ಯಾಕೇಜುಗಳಲ್ಲಿ ದೂರದಿಂದ ಕಂಪ್ಯೂಟರನ್ನು ಹಿಡಿತಕ್ಕೆ ತೆಗೆದುಕೊಳ್ಳುವ ದುಷ್ಟ ತಂತ್ರಾಂಶ ಸಿಕ್ಕಿತು. ಎರಡೂ ಸಲ ಸ್ಕ್ರಿಪ್ಟ್ ಎಲ್ಲರ ಕಣ್ಣೆದುರೇ ತೆರೆದಿತ್ತು, ಸಮುದಾಯದವರೇ ಅದನ್ನು ಪತ್ತೆಹಚ್ಚಿ ತೆಗೆಸಿದರು ಎಂಬುದು ನಿಜ. ಆದರೆ ಪತ್ತೆಯಾಗುವ ಮೊದಲೇ ಅದು ಬಳಸುವವರಿಗೆ ಸಿಗುವ ಸ್ಥಿತಿಯಲ್ಲಿತ್ತು ಎಂಬುದೂ ಅಷ್ಟೇ ನಿಜ. ಹದಿನೆಂಟರ ಹರೆಯದವರು ಕಲಿಯುವ ಲ್ಯಾಬಿಗೆ, ಬೇರೆಯವರ ಲೆಕ್ಕಪತ್ರವಿರುವ ಅಂಗಡಿಯ ಕಂಪ್ಯೂಟರಿಗೆ ನಾನು ಅಂಥ ಭಂಡಾರವನ್ನು ಸೂಚಿಸಲಾರೆ.

ಇನ್ನೊಂದು ತುದಿಯಲ್ಲಿ ಇಂಥದೇ ಕೆಲಸ ಮಾಡುವ ಮೈಕ್ರೋಸಾಫ್ಟಿನ ವಿನ್‌ಗೆಟ್ ಇದೆ. 2020ರ ಮೇ ತಿಂಗಳಲ್ಲಿ ಅದನ್ನು ಪ್ರಕಟಿಸಿದರು, ಮರುವರ್ಷ ಮೇಯಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ವಿಂಡೋಸ್ 11ರಲ್ಲಿ ಅದು ಮೊದಲಿನಿಂದಲೇ ಇರುವುದರಿಂದ ಹೊಸದಾಗಿ ಏನನ್ನೂ ಹಾಕಬೇಕಾಗಿಲ್ಲ. ಅದರ ಭಂಡಾರವೂ ತಂತ್ರಾಂಶದ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿದೆ, ಜನರೇ ಅದಕ್ಕೂ ಪ್ಯಾಕೇಜುಗಳನ್ನು ಕಳುಹಿಸುತ್ತಾರೆ. ಆದರೆ ಅಲ್ಲಿ ಹಂಚಿಕೊಳ್ಳುವುದು ಸ್ಕ್ರಿಪ್ಟನ್ನಲ್ಲ. ಸೆಟಪ್ ಫೈಲಿನ ವಿಳಾಸ, ಚೆಕ್‌ಸಮ್, ಆವೃತ್ತಿ ಮುಂತಾದವನ್ನು ಬರೆದ ವಿವರಪಟ್ಟಿಯನ್ನು ಮಾತ್ರ. ಸ್ಕ್ರಿಪ್ಟಿಗೆ ಜಾಗವೇ ಇಲ್ಲದ್ದರಿಂದ ಅಪಾಯದ ಒಂದು ಬಾಗಿಲು ಮುಚ್ಚಿದಂತಾಗುತ್ತದೆ. ಅದೇ ಕಾರಣದಿಂದ ಫೈಲೊಂದನ್ನು ಸರಿಯಾದ ಜಾಗಕ್ಕೆ ನಕಲು ಮಾಡುವುದು, ವಿಂಡೋಸಿನ ಒಂದು ಹೊಂದಿಕೆಯನ್ನು ಬದಲಿಸುವುದು ಮುಂತಾದ, ಸೆಟಪ್ ಮುಗಿದ ಮೇಲೂ ಉಳಿಯುವ ಸಣ್ಣ ಕೆಲಸಗಳನ್ನು ಅದು ಮಾಡಿಕೊಡುವುದಿಲ್ಲ. ಒಂದೆರಡು ತಂತ್ರಾಂಶ ಬೇಕಾದ ಮನೆಯ ಕಂಪ್ಯೂಟರಿಗೆ ವಿನ್‌ಗೆಟ್ ಸಾಕು ಎಂದೇ ನಾನು ಹೇಳುತ್ತೇನೆ. ಲ್ಯಾಬಿಗೆ ಸಾಲದು.

ಚಾಕೊಲೇಟಿಯ ಮಿತಿಗಳೂ ಸಣ್ಣವಲ್ಲ. ತಂತ್ರಾಂಶವನ್ನು ಮರುಹಂಚಿಕೆ ಮಾಡುವ ಹಕ್ಕು ಇಲ್ಲದ ಕಡೆ ಪ್ಯಾಕೇಜಿನೊಳಗೆ ಸೆಟಪ್ ಫೈಲನ್ನು ಇಡುವಂತಿಲ್ಲ. ಸ್ಕ್ರಿಪ್ಟ್ ತಯಾರಕರ ತಾಣದಿಂದಲೇ ಅದನ್ನು ಇಳಿಸಬೇಕು. ಇದು ನ್ಯಾಯವಾದ ನಿಯಮ, ಆದರೆ ಇದರ ಪರಿಣಾಮವನ್ನು ಅನುಭವಿಸುವವರು ಬಳಸುವವರು. ತಯಾರಕರು ಹಳೆಯ ಫೈಲನ್ನು ತೆಗೆದು ಹಾಕಿದರೆ, ಅಥವಾ ಅದೇ ವಿಳಾಸದಲ್ಲಿ ಹೊಸ ಆವೃತ್ತಿಯನ್ನು ಇಟ್ಟರೆ, ನಿನ್ನೆ ಸರಿಯಾಗಿ ಓಡಿದ ಸ್ಕ್ರಿಪ್ಟ್ ಇಂದು ನಿಲ್ಲುತ್ತದೆ. ಎರಡನೆಯ ಸಂದರ್ಭದಲ್ಲಿ ಚೆಕ್‌ಸಮ್ ತಾಳೆಯಾಗದೆ ನಿಲ್ಲುತ್ತದೆ. ಆಗ ಚೆಕ್‌ಸಮ್ ನೋಡುವುದನ್ನೇ ಬಿಟ್ಟುಬಿಡು ಎಂದು ಹೇಳುವ ಸೂಚನೆಯೊಂದಿದೆ, ಹಲವರು ಅದನ್ನು ಬಳಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ವ್ಯವಸ್ಥೆಯಲ್ಲಿ ನಮ್ಮನ್ನು ಕಾಯುವ ಬಲವಾದ ಬೀಗ ಅದೊಂದೇ. ಒಂದೆರಡು ದಿನ ಕಾದರೆ ಸಾಮಾನ್ಯವಾಗಿ ಪ್ಯಾಕೇಜ್ ಸರಿಯಾಗುತ್ತದೆ, ತುರ್ತಾದರೆ ಹಿಂದಿನ ಆವೃತ್ತಿಯನ್ನು ಪ್ರಯತ್ನಿಸಬಹುದು.

ಎರಡನೆಯ ಮಿತಿ ಲ್ಯಾಬುಗಳಿಗೆ ನೇರವಾಗಿ ತಟ್ಟುವಂಥದ್ದು. ಒಂದೇ ಅಂತರ್ಜಾಲ ವಿಳಾಸದಿಂದ ಸಮುದಾಯ ಭಂಡಾರಕ್ಕೆ ಅತಿಯಾದ ಬೇಡಿಕೆಗಳು ಹೋದರೆ ತಾಣ ಅದನ್ನು ಸ್ವಲ್ಪ ಹೊತ್ತು ತಡೆಹಿಡಿಯುತ್ತದೆ. ಇಪ್ಪತ್ತು ಯಂತ್ರಗಳಿರುವ ಲ್ಯಾಬು ಒಂದೇ ಬ್ರಾಡ್‌ಬ್ಯಾಂಡ್ ಲೈನಿನ ಹಿಂದೆ ಕುಳಿತಿರುವಾಗ, ಹೊರಗಿನಿಂದ ನೋಡುವವರಿಗೆ ಅವೆಲ್ಲ ಒಂದೇ ವಿಳಾಸವಾಗಿ ಕಾಣುತ್ತವೆ. ಸಂಸ್ಥೆಗಳು ಸಮುದಾಯ ಭಂಡಾರವನ್ನೇ ನೇರವಾಗಿ ನೆಚ್ಚಿಕೊಳ್ಳದೆ ತಮ್ಮದೇ ಒಳಭಂಡಾರವನ್ನು ಕಟ್ಟಿಕೊಳ್ಳಬೇಕೆಂದು ಚಾಕೊಲೇಟಿಯ ದಾಖಲೆಗಳೇ ಹೇಳುತ್ತವೆ. ಇದನ್ನು ಮುಚ್ಚಿಡದೆ ಬರೆದಿರುವುದು ಅವರ ಪ್ರಾಮಾಣಿಕತೆ. ನಮ್ಮ ದೃಷ್ಟಿಯಿಂದ ನೋಡಿದರೆ ಡೇಟಾದ ಲೆಕ್ಕವೂ ಇದೆ. ಲಿಬ್ರೆ ಆಫೀಸಿನ ಸೆಟಪ್ ಒಂದೇ ಮುನ್ನೂರು ಎಂಬಿಗೂ ಹೆಚ್ಚು; ಇಪ್ಪತ್ತು ಯಂತ್ರಗಳು ಬೇರೆಬೇರೆಯಾಗಿ ಇಳಿಸಿಕೊಂಡರೆ ಆರು ಜಿಬಿ ದಾಟುತ್ತದೆ, ಅದೂ ಒಂದೇ ತಂತ್ರಾಂಶಕ್ಕೆ.

ಒಳಭಂಡಾರ ಎಂದ ಕೂಡಲೇ ದೊಡ್ಡ ಸರ್ವರ್ ಬೇಕೆಂದು ಯಾರೂ ಹೆದರಬೇಕಾಗಿಲ್ಲ. ಲ್ಯಾಬಿನ ಒಂದು ಯಂತ್ರದಲ್ಲಿ ಹಂಚಿಕೆಗೆ ತೆರೆದಿಟ್ಟ ಒಂದು ಫೋಲ್ಡರೇ ಭಂಡಾರವಾಗಬಲ್ಲದು. ಬೇಕಾದ ಪ್ಯಾಕೇಜನ್ನು ತಾಣದಿಂದ ಇಳಿಸಿ, ಜಿಪ್‌ನಂತೆ ಬಿಚ್ಚಿ, ಸೆಟಪ್ ಫೈಲನ್ನು ಅದರೊಳಗಿನ ಟೂಲ್ಸ್ ಫೋಲ್ಡರಿನಲ್ಲೇ ಇಟ್ಟು, ಸ್ಕ್ರಿಪ್ಟಿನಲ್ಲಿ ವಿಳಾಸವಿರುವ ಕಡೆ ಆ ಫೈಲನ್ನು ತೋರಿಸಿ, "ಚೋಕೊ ಪ್ಯಾಕ್" ಎಂದು ಮತ್ತೆ ಕಟ್ಟಿದರೆ ಅದು ಅಂತರ್ಜಾಲವಿಲ್ಲದೆಯೂ ಓಡುವ ಪ್ಯಾಕೇಜಾಗುತ್ತದೆ. ಉಳಿದ ಯಂತ್ರಗಳಿಗೆ ಆ ಫೋಲ್ಡರನ್ನು ಮೂಲವಾಗಿ ತೋರಿಸಿದರಾಯಿತು. ಹಣ ಕೊಟ್ಟ ಆವೃತ್ತಿಯಲ್ಲಿ ಈ ಮಾರ್ಪಾಟನ್ನು ತಾನೇ ಮಾಡಿಕೊಡುವ ಸೌಲಭ್ಯವಿದೆ. ಕೈಯಿಂದ ಮಾಡುವುದು ಮೊದಲ ಸಲ ಬೇಸರದ್ದು, ರೂಢಿಯಾದ ಮೇಲೆ ಹತ್ತು ನಿಮಿಷದ್ದು. ಹೀಗೆ ಮಾರ್ಪಡಿಸಿದ ಪ್ಯಾಕೇಜನ್ನು ಲ್ಯಾಬಿನ ಒಳಗೆ ಬಳಸಬಹುದೇ ಹೊರತು, ಮರುಹಂಚಿಕೆಯ ಹಕ್ಕಿಲ್ಲದ ತಂತ್ರಾಂಶವಾದರೆ ಹೊರಗೆ ಹಂಚುವಂತಿಲ್ಲ ಎಂಬುದನ್ನು ನೆನಪಿಡಬೇಕು. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಕರೆಂಟು ಹೋಗುವುದು ಹೊಸದಲ್ಲ. ಅರ್ಧಕ್ಕೆ ನಿಂತ ಪ್ಯಾಕೇಜಿಗೆ ಚಾಕೊಲೇಟಿ ಗುರುತು ಇಟ್ಟುಕೊಂಡಿರುತ್ತದೆ, ವಿಫಲವಾದದ್ದನ್ನು ಬೇರೆ ಫೋಲ್ಡರಿಗೆ ಸರಿಸುತ್ತದೆ; ಕರೆಂಟು ಬಂದ ಮೇಲೆ ಅದೇ ಸಾಲನ್ನು ಮತ್ತೆ ಓಡಿಸಿದರೆ ಮೊದಲೇ ಮುಗಿದವನ್ನು ಬಿಟ್ಟು ಉಳಿದವನ್ನು ಹಾಕುತ್ತದೆ. ಪೆನ್‌ಡ್ರೈವಿನ ಕಾಲದಲ್ಲಿ ಯಾವ ಯಂತ್ರದಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕಿತ್ತು.

ಹಳೆಯ ಯಂತ್ರಗಳಿರುವವರಿಗೆ ಒಂದು ಸೂಚನೆ. 2023ರಲ್ಲಿ ಬಂದ ಚಾಕೊಲೇಟಿಯ ಎರಡನೆಯ ಆವೃತ್ತಿಗೆ ಡಾಟ್ ನೆಟ್ 4.8 ಎಂಬ ಮೈಕ್ರೋಸಾಫ್ಟಿನ ಪೂರಕ ತಂತ್ರಾಂಶ ಬೇಕು. ಅದಿಲ್ಲದ ಕಂಪ್ಯೂಟರುಗಳಲ್ಲಿ ಮೊದಲು ಅದನ್ನು ಹಾಕಿ, ಮರುಚಾಲನೆ ಮಾಡಿ ಮುಂದುವರಿಯಬೇಕು.

ಚಾಕೊಲೇಟಿಯನ್ನೇ ಹಾಕುವ ವಿಧಾನದ ಬಗ್ಗೆಯೂ ಒಂದು ಮಾತು. ತಾಣ ಕೊಡುವ ಒಂದೇ ಸಾಲಿನ ಆದೇಶವು ಅಂತರ್ಜಾಲದಿಂದ ಸ್ಕ್ರಿಪ್ಟೊಂದನ್ನು ತಂದು, ಆ ಪವರ್‌ಶೆಲ್ ಕಿಟಕಿಯ ಮಟ್ಟಿಗೆ ಸ್ಕ್ರಿಪ್ಟುಗಳ ಮೇಲಿನ ನಿರ್ಬಂಧವನ್ನು ಸಡಿಲಿಸಿ ಓಡಿಸುತ್ತದೆ. ಎಲ್ಲ ಪ್ಯಾಕೇಜುಗಳನ್ನೂ ಓದಿ ಹಾಕಿ ಎನ್ನುವ ನಾನು ಇದೊಂದನ್ನು ಮಾತ್ರ ಕಣ್ಣುಮುಚ್ಚಿ ಓಡಿಸಿ ಎನ್ನಲಾರೆ. ಆ ಸ್ಕ್ರಿಪ್ಟನ್ನು ಮೊದಲು ಫೈಲಾಗಿ ಇಳಿಸಿ, ನೋಟ್‌ಪ್ಯಾಡಿನಲ್ಲಿ ತೆರೆದು ಓದಿ, ಅನಂತರವೇ ಓಡಿಸುವುದು ಒಳ್ಳೆಯದು. ಅದು ಉದ್ದವಾಗಿದ್ದರೂ ಸಾಕಷ್ಟು ಟಿಪ್ಪಣಿಗಳೊಂದಿಗೆ ಬರೆದಿದ್ದಾರೆ.

ಇನ್ನು ಕನ್ನಡದ ವಿಷಯ. ನನಗೆ ಎಲ್ಲಕ್ಕಿಂತ ಹೆಚ್ಚು ಆಸಕ್ತಿಯಿರುವುದು ಇಲ್ಲಿಯೇ. ಹೊಸ ವಿಂಡೋಸಿನಲ್ಲಿ ಕನ್ನಡವನ್ನು ಓದಲು ಏನೂ ಹಾಕಬೇಕಾಗಿಲ್ಲ, ನಿರ್ಮಲಾ ಫಾಂಟ್ ಅದರಲ್ಲೇ ಇರುತ್ತದೆ. ಆದರೆ ಎಕ್ಸ್‌ಪಿ ಕಾಲದಿಂದ ಬಳಕೆಯಲ್ಲಿದ್ದ ತುಂಗಾ ಫಾಂಟ್ ವಿಂಡೋಸ್ 10ರಿಂದೀಚೆಗೆ ತಾನಾಗಿ ಬರುವುದಿಲ್ಲ. ಕನ್ನಡದ ಪೂರಕ ಫಾಂಟುಗಳು ಎಂಬ ಐಚ್ಛಿಕ ಸೌಲಭ್ಯವನ್ನು ಬೇರೆಯಾಗಿ ಸೇರಿಸಬೇಕು. ತುಂಗಾದಲ್ಲಿ ಮಾಡಿಟ್ಟ ಹಳೆಯ ಕಡತವನ್ನು ತೆರೆದಾಗ ಪುಟಗಳ ಅಳತೆ ಏರುಪೇರಾಗುವುದು ಇದೇ ಕಾರಣಕ್ಕೆ. ಡಿಟಿಪಿ ಅಂಗಡಿಗಳಿಗೆ, ಸರ್ಕಾರಿ ಕಚೇರಿಯ ಕೆಲಸಕ್ಕೆ ಹೋಗಬಯಸುವ ನಮ್ಮ ವಿದ್ಯಾರ್ಥಿಗಳಿಗೆ ಇಷ್ಟು ಸಾಲದು: ಅವರಿಗೆ ಕನ್ನಡ ಗಣಕ ಪರಿಷತ್ತಿನ ನುಡಿ ಎಂಬ ಕನ್ನಡ ಬರೆಯುವ ತಂತ್ರಾಂಶ ಬೇಕು, ಕೆಲವರಿಗೆ ಅಂಥದೇ ಆದ ಬರಹ ಬೇಕು, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಕ್ರಮವಾದ ಯೂನಿಕೋಡ್ ಬರುವ ಮೊದಲಿನ ಕಡತಗಳನ್ನು ತೆರೆಯಲು ನುಡಿಯ ಹಳೆಯ ಫಾಂಟುಗಳು ಬೇಕು. ಪ್ರತಿ ಕಂಪ್ಯೂಟರಿನಲ್ಲೂ ಇದನ್ನು ಕೈಯಿಂದ ಮಾಡುವುದು ಫಾರ್ಮ್ಯಾಟ್ ಹೊಡೆಯುವುದಕ್ಕಿಂತ ಹೆಚ್ಚಿನ ಕೆಲಸ.

ಚಾಕೊಲೇಟಿಯಲ್ಲಿ ನಮ್ಮದೇ ಪ್ಯಾಕೇಜನ್ನು ಬರೆದುಕೊಳ್ಳುವ ಸ್ವಾತಂತ್ರ್ಯವಿರುವುದರಿಂದ, "ಕನ್ನಡ ಸಿದ್ಧತೆ" ಎಂಬ ಹೆಸರಿನಲ್ಲಿ ಲ್ಯಾಬಿಗೆಂದು ಒಂದನ್ನು ಬರೆದಿಟ್ಟುಕೊಂಡಿದ್ದೇನೆ. ಅದರ ಸ್ಕ್ರಿಪ್ಟ್ ಪೂರಕ ಫಾಂಟುಗಳನ್ನು ಸೇರಿಸುತ್ತದೆ, ಗೂಗಲಿನ ನೋಟೋ ಕನ್ನಡ ಫಾಂಟುಗಳನ್ನು ಹಾಕುತ್ತದೆ, ಅವು ಮುಕ್ತ ಪರವಾನಗಿಯವಾದ್ದರಿಂದ ಪ್ಯಾಕೇಜಿನೊಳಗೇ ಇವೆ. ಕೊನೆಗೆ ವಿಂಡೋಸಿನ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸುತ್ತದೆ. ಈ ಕೊನೆಯ ಕೆಲಸದಲ್ಲಿ ಒಂದು ಸೂಕ್ಷ್ಮವಿದೆ, ಇಂಥದನ್ನು ಬರೆಯಹೊರಟವರು ಗಮನಿಸಬೇಕು. ಭಾಷೆಗಳ ಪಟ್ಟಿ ಇಡೀ ಕಂಪ್ಯೂಟರಿಗೆ ಒಂದೇ ಅಲ್ಲ, ಪ್ರತಿ ಬಳಕೆದಾರರ ಖಾತೆಗೂ ಬೇರೆ. ಚಾಕೊಲೇಟಿ ಓಡುವುದು ಅಡ್ಮಿನಿಸ್ಟ್ರೇಟರ್ ಖಾತೆಯಿಂದ. ವಿದ್ಯಾರ್ಥಿಗಳು ಕೂರುವುದು ಬೇರೆ ಖಾತೆಯಲ್ಲಿ. ಆದ್ದರಿಂದ ಭಾಷೆಯನ್ನು ಸೇರಿಸುವ ಪುಟ್ಟ ಸ್ಕ್ರಿಪ್ಟನ್ನು ವಿದ್ಯಾರ್ಥಿಗಳ ಖಾತೆ ತೆರೆದಾಗ ಓಡುವಂತೆ ಪ್ರತ್ಯೇಕವಾಗಿ ಇಡಬೇಕಾಗುತ್ತದೆ. ವಿಂಡೋಸಿನ ಸಾಮಾನ್ಯ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು ಎಂಬುದೂ ನೆನಪಿರಲಿ. ನುಡಿಯ ವಿನ್ಯಾಸದಲ್ಲಿ ಕೈ ಪಳಗಿದವರಿಗೆ ಅದು ಒಗ್ಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಯಾರಿಗೆ ಇದು ಬೇಡ ಎಂಬುದನ್ನೂ ಹೇಳಬೇಕು. ಒಂದೇ ಕಂಪ್ಯೂಟರ್ ಇಟ್ಟುಕೊಂಡು ಬಿಲ್ ಬರೆಯುವ ಅಂಗಡಿಯವರಿಗೆ ಕಪ್ಪು ಕಿಟಕಿಯಲ್ಲಿ ಆದೇಶ ಟೈಪ್ ಮಾಡುವ ಗೋಜು ಅಗತ್ಯವಿಲ್ಲ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವನ್ನು ಇದರ ಮೂಲಕ ಹಾಕಿದರೂ ಪರವಾನಗಿಯನ್ನು ಕೊಂಡೇ ತೀರಬೇಕು. ಸ್ಕ್ರಿಪ್ಟು ಹಾಕುವ ಕೆಲಸವನ್ನಷ್ಟೇ ಮಾಡುತ್ತದೆ. ನಮ್ಮೂರಿನ ಪೆನ್‌ಡ್ರೈವುಗಳಲ್ಲಿ ಓಡಾಡುವ ಕಳ್ಳ ಪ್ರತಿಗಳಿಗೆ ಬದಲಿ ಹುಡುಕುತ್ತಿರುವವರು ಈ ಭಂಡಾರದಲ್ಲಿ ಮುಕ್ತ ತಂತ್ರಾಂಶಗಳನ್ನು ಹುಡುಕಬೇಕು: ಚಿತ್ರಗಳನ್ನು ತಿದ್ದಲು ಗಿಂಪ್, ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಪುಟ ಕಟ್ಟಲು ಸ್ಕ್ರೈಬಸ್. ಮೂರರಲ್ಲೂ ಯೂನಿಕೋಡ್ ಕನ್ನಡ ಮೂಡುತ್ತದೆ, ಮೂರೂ ಒಂದೇ ಸಾಲಿನ ಆದೇಶಕ್ಕೆ ಬರುತ್ತವೆ. ಹೊಸ ಡಿಟಿಪಿ ಕೆಲಸಗಾರರಿಗೆ ಇವುಗಳಲ್ಲಿ ಕಲಿಸಿ ನೋಡಿ ಎಂದು ಅಂಗಡಿಯವರಿಗೆ ನಾನು ಹೇಳುತ್ತಲೇ ಇರುತ್ತೇನೆ.

ಲ್ಯಾಬಿನೊಳಗೆ ಓಡುವ ನನ್ನ ಕನ್ನಡ ಪ್ಯಾಕೇಜನ್ನು ಸಮುದಾಯ ಭಂಡಾರಕ್ಕೆ ಏರಿಸಲು ಇನ್ನೂ ಎರಡು ಕೆಲಸಗಳು ಉಳಿದಿವೆ. ಒಳಗಿರುವ ಪ್ರತಿ ಫಾಂಟಿನ ಪರವಾನಗಿಯ ಪ್ರತಿಯನ್ನು ಸೇರಿಸಿ, ಅದು ಎಲ್ಲಿಂದ ಬಂತು ಎಂಬುದನ್ನು ಪರಿಶೀಲಕರು ತಾಳೆ ನೋಡುವಂತೆ ಬರೆದಿಡಬೇಕು. ನುಡಿಯಂಥ ತಂತ್ರಾಂಶಕ್ಕೆ ಬೇರೆಯೇ ಪ್ಯಾಕೇಜ್ ಮಾಡಿ, ಮಾಲೀಕರ ತಾಣದಿಂದಲೇ ಇಳಿಸುವಂತೆ ಬರೆದು, ಹೊಸ ಆವೃತ್ತಿ ಬಂದಾಗಲೆಲ್ಲ ವಿಳಾಸವನ್ನೂ ಚೆಕ್‌ಸಮ್ಮನ್ನೂ ತಿದ್ದುತ್ತಿರಬೇಕು. ಈ ಎರಡನೆಯದು ಒಬ್ಬರಿಂದ ಬಹುಕಾಲ ಆಗುವ ಕೆಲಸವಲ್ಲ. ನಿರ್ವಾಹಕರು ಕೈಬಿಟ್ಟ ಪ್ಯಾಕೇಜಿನ ಗತಿ ಏನಾಗಬಹುದು ಎಂಬುದನ್ನು ಅಕ್ರೋರೀಡ್ ಪ್ರಸಂಗ ತೋರಿಸಿದೆ. ಅದೃಷ್ಟಕ್ಕೆ ಚಾಕೊಲೇಟಿಯಲ್ಲಿ ಒಂದು ಪ್ಯಾಕೇಜಿಗೆ ಒಬ್ಬರಿಗಿಂತ ಹೆಚ್ಚು ನಿರ್ವಾಹಕರು ಇರಬಹುದು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಲ್ಯಾಬುಗಳನ್ನು ನೋಡಿಕೊಳ್ಳುವ ಗೆಳೆಯರು ಪವರ್‌ಶೆಲ್ ಬಲ್ಲವರಾಗಿದ್ದರೆ, ಮೊದಲು ಭಂಡಾರದಲ್ಲಿರುವ 7-ಜಿಪ್ ಪ್ಯಾಕೇಜಿನ ಸ್ಕ್ರಿಪ್ಟನ್ನು ತೆರೆದು ಓದಲಿ. ಅದು ಅರ್ಥವಾದವರು ಕನ್ನಡದ ಪ್ಯಾಕೇಜೊಂದಕ್ಕೆ ಜೊತೆ ನಿರ್ವಾಹಕರಾಗಬಲ್ಲರು.